ಕಾಲಿನೊಳಗಿನ ಸರಳು

"ಅಕ್ಕಾ, ಸಾಕು ನಿಲ್ಲಿಸು! ಮತ್ತೆ ಕೂಗ್ತಿದೆ," ಎಂದು ತಮ್ಮ ಬಯಲಿನ ಆ ತುದಿಯಿಂದಲೇ ಕೈ ಬೀಸಿದ.

ಕೂಗುತ್ತಿರುವುದು ಅಕ್ಕನಿಗೂ ಕೇಳುತ್ತಿತ್ತು, ಅವಳಿಗೇನು ಕಿವುಡೇ? ಹಿಂದೆ ಕಬ್ಬಿಣದ ಕಾರ್ಖಾನೆಯಿದ್ದ ಜಾಗವದು. ಈಗ ಅಲ್ಲಿ ಮಕ್ಕಳ ಆಟದ ಮೈದಾನ ಬರುವುದಿತ್ತು. ಅದಕ್ಕೆ ಮುಂಚೆ ಮಣ್ಣಿನಲ್ಲಿ ಹುದುಗಿದ ಮೊಳೆ, ತಗಡಿನ ಚೂರುಗಳನ್ನು ಹುಡುಕಿ ತೆಗೆಯುವ ಕೆಲಸ ತಮ್ಮನ ತಂಡದ್ದು. ಲೋಹ ಪತ್ತೆ ಹಚ್ಚುವ ಯಂತ್ರವೆಂದರೆ ಉದ್ದ ಕೋಲಿನ ತುದಿಗೆ ತಟ್ಟೆಯಂಥ ಕಾಯಿಲ್. ನೆಲದ ಮೇಲೆ ಆಡಿಸುತ್ತ ಹೋದರೆ ಲೋಹವಿದ್ದಲ್ಲಿ ಕೂಗಬೇಕು. ಅಕ್ಕನ ಯಂತ್ರ ಮಾತ್ರ ಬೆಳಗಿನಿಂದ ಹೆಜ್ಜೆಗೊಮ್ಮೆ ಅರಚುತ್ತಿತ್ತು. ಅಗೆದರೆ ಬರೀ ಮಣ್ಣು.

ತಮ್ಮ ಹತ್ತಿರ ಬಂದು ದನಿ ತಗ್ಗಿಸಿದ. "ನಿನ್ನ ಕಾಲಲ್ಲಿರೋ ಸರಳಿಗೆ ಅದು ಕೂಗ್ತಿರೋದು. ನಾಳೆಯಿಂದ ಮನೇಲಿರು. ನಾನಿಲ್ವಾ ನೋಡ್ಕೊಳ್ಳೋಕೆ?"

ಅಪಘಾತದಲ್ಲಿ ಮುರಿದ ಮೂಳೆಗೆ ಸ್ಟೀಲ್ ಸರಳು ಕೂರಿಸಿದಂದಿನಿಂದ ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುವವರು. ಹೊಲಿಗೆ ಅಂಗಡಿಯವರು ಒಳ್ಳೆಯದಕ್ಕೇ ಕೆಲಸ ಬಿಡಿಸಿ ಕಳಿಸಿದ್ದರು. ಗಂಡ ಮಾತ್ರ ಏನೂ ಹೇಳದೆ ಬಿಟ್ಟು ಹೋಗಿದ್ದ. ಈ ಕೆಲಸವೂ ಕೈತಪ್ಪಿದರೆ ತಮ್ಮನ ಅಡುಗೆಮನೆಯ ಮೂಲೆಯೇ ಗತಿ. ತಮ್ಮನ ಹೆಂಡತಿ ಕೆಟ್ಟವಳಲ್ಲ, ಆದರೂ ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

"ಸರಳಿಗೇ ಕೂಗೋದಾದ್ರೆ ನಿನ್ನೆ ಯಾಕೆ ಕೂಗ್ಲಿಲ್ಲ? ನಿನ್ನೆ ಕಾಲು ಮನೇಲಿ ಬಿಟ್ಟು ಬಂದಿದ್ನಾ?"

ಜೊತೆಯ ಕೆಲಸಗಾರರು ನಕ್ಕರು. ತಮ್ಮ ನಗಲಿಲ್ಲ.

ಅವಳು ಇಟ್ಟಿಗೆ ರಾಶಿಯ ಮೇಲೆ ಕೂತು, ಯಂತ್ರ ಆರಿಸಿ, ಕಾಯಿಲನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು. ಗೀರು ಬೀಳದಿರಲೆಂದು ಅದರ ಅಡಿಗೊಂದು ಪ್ಲಾಸ್ಟಿಕ್ ಕವರಿತ್ತು. ಅದು ಕಳಚಿ ಬೀಳದಂತೆ ತಮ್ಮನೇ ಸುತ್ತಲೂ ಟೇಪು ಬಿಗಿದಿದ್ದ.

"ಮುಟ್ಟಬೇಡ ಅದನ್ನ! ಕವರ್ ಒಡೆದ್ರೆ ಸಾಹೇಬರು ನನ್ನ ತಲೆ ತಿಂತಾರೆ."

"ತಿನ್ನಲಿ ಬಿಡು. ಅದ್ರಿಂದ ಅವರ ಹೊಟ್ಟೆಯೇನೂ ತುಂಬಲ್ಲ."

ಟೇಪು ಕಿತ್ತಳು. ಉಗುರು ತೂರಿಸಿ ಅಂಚನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿದಳು. ಕವರು ಪಟ್ಟನೆ ಬಿಟ್ಟುಕೊಂಡಿತು. ಒಳಗೆಲ್ಲ ಕರಿ ಕೆಸರು. ನಿನ್ನೆ ಸಂಜೆ ನೀರು ನಿಂತ ಗುಂಡಿಯ ಬಳಿ ಹುಡುಕುವಾಗ ಹಳೆಯ ಕಬ್ಬಿಣದ ಪುಡಿ ನೀರಿನ ಜೊತೆ ಒಳಗೆ ಸೇರಿತ್ತು. ಯಂತ್ರ ಅರಚುತ್ತಿದ್ದುದು ಅದಕ್ಕೇ. ಕುಡಿಯುವ ನೀರನ್ನೇ ಸುರಿದು ತೊಳೆದಳು. ಸಂದಿಗಳನ್ನು ಕರವಸ್ತ್ರದ ತುದಿಯಿಂದ ಒರೆಸಿ, ಕಾಯಿಲು, ಕವರು ಎರಡನ್ನೂ ಒಣಗಿಸಿ, ಕವರನ್ನು ಒತ್ತಿ ಕೂರಿಸಿದಳು. ಇಷ್ಟಾದ ಮೇಲೂ ಕೂಗಿದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕಿತ್ತು.

ಎದ್ದು, ಯಂತ್ರ ಚಾಲೂ ಮಾಡಿ, ಎಂದಿನಂತೆ ಕುಂಟುತ್ತಲೇ ನಡೆದಳು. ಯಂತ್ರ ಸದ್ದೆತ್ತಲಿಲ್ಲ. ಗೋಡೆಯವರೆಗೆ ಹೋಗಿ ತಿರುಗುವಾಗ ಒಮ್ಮೆ ಕೂಗಿತು. ಅಲ್ಲೇ ಅಗೆದಳು: ಬೆರಳುದ್ದದ ಮೊಳೆ. ತಂದು ತಮ್ಮನ ಅಂಗೈಗೆ ಹಾಕಿದಳು.

ಅವನು ಅದನ್ನು ಕಿಸೆಗೆ ಹಾಕಿಕೊಂಡ. "ಆಯ್ತು ಅಕ್ಕಾ, ನಂದೇ ತಪ್ಪು. ಕೆಲಸಕ್ಕೆ ಬಾ. ಆದ್ರೆ ಕಾಲಲ್ಲಿರೋ ಸರಳಿನ ವಿಷಯ ಸಾಹೇಬರ ಕಿವಿಗೆ ಬೀಳೋದು ಬೇಡ. ಆದಷ್ಟು ಮುಚ್ಚಿಟ್ಕೋ."

ಅಕ್ಕ ಕಾಯಿಲನ್ನು ಎತ್ತಿ ತನ್ನ ಮೊಣಕಾಲಿನ ಕೆಳಗೆ, ಸರಳಿದ್ದಲ್ಲಿ, ಒತ್ತಿ ಹಿಡಿದಳು. ಯಂತ್ರ ಬಯಲೆಲ್ಲ ಕೇಳುವಂತೆ ಅರಚತೊಡಗಿತು. ಕೆಲಸಗಾರರು ತಿರುಗಿ ನೋಡಿದರು. ಗೇಟಿನ ಪಕ್ಕದ ಕೋಣೆಯಿಂದ ಸಾಹೇಬರೂ ಹೊರಗೆ ಬಂದರು.

"ಅಕ್ಕಾ, ತೆಗಿ," ಎಂದ ತಮ್ಮ.

ಅವಳು ತೆಗೆಯಲಿಲ್ಲ.