ಗಚ್ಚಿಗೆ ಬಿಟ್ಟ ನೀರು

“ಕೈ ತಗೀಯೇ ರಂಡೆ ಬಾನ್ಯಾಗಿಂದ! ಸುಣ್ಣಕ್ಕ ಬಿಟ್ಟ ನೀರದು, ನಿಮ್ಮ ಗಂಟಲಕ್ಕಲ್ಲ!”

ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿದ್ದ ಗೌಡ ಬಸಗೊಂಡಪ್ಪ ಒದರಿದ ಹೊಡೆತಕ್ಕೆ ಸುಣ್ಣ ಅರೆಯುವ ಗಚ್ಚಿನ ಗಾಣ ಎಳೆಯುತ್ತಿದ್ದ ಎತ್ತುಗಳೂ ಗಕ್ಕನೆ ನಿಂತವು. ಕೂಲಿಗೆ ಬಂದ ಕೇರಿಯ ಸಕ್ರವ್ವನ ಬೊಗಸೆ ಬಾಯಿಯ ಹತ್ತಿರ ಬಂದಿತ್ತು. ಬಿಚ್ಚಿದಳು. ನೀರು ಗಾಣದ ಸುಣ್ಣದ ಮೇಲೆ ಬಿತ್ತು. ಸುಣ್ಣ ಚುರ್ ಎಂದು ಕುಡಿದುಬಿಟ್ಟಿತು.

“ನನಗಲ್ರಿ ಯಪ್ಪಾ. ಮಗಳು ಹಡದಾಳ. ಡೋಣಿ ಹೊಳಿ ಸವಳು ನೀರು ಕುಡದು ಕುಡದು ಎದಿಹಾಲು ಬತ್ಯಾವು. ಕೂಸು ಚೀಪಿ ಚೀಪಿ ಅಳತೈತಿ. ಒಂದ ಚರಿಗಿ ನೀರು ಕೊಡ್ರಿ.”

“ಇವತ್ತು ಬಾನ್ಯಾಗ ಬಾಯಿ ಇಡ್ತೀರಿ, ನಾಳಿಗಿ ಬಾವ್ಯಾಗ ಕಾಲ ಇಡ್ತೀರಿ. ನಿಮ್ಮ ಬುದ್ಧಿ ನನಗ ಗೊತ್ತಿಲ್ಲೇನು? ಏ ಮಲಕಾಜಪ್ಪಾ! ಬಾನಿ ಚೆಲ್ಲಿ ತೊಳಿ. ಬ್ಯಾರೆ ನೀರು ಬಿಡು.”

ಬಾವಿಯಿಂದ ನೀರೆತ್ತುವ ಆಳು ಮಲಕಾಜಪ್ಪ ತಲೆ ತಗ್ಗಿಸಿಕೊಂಡು ಬಂದ. ಕಲ್ಲಿನ ಬಾನಿಯ ಬುಡದ ಬೆಣೆ ಕಿತ್ತ. ಸಿಹಿನೀರೆಲ್ಲ ಎರೆನೆಲಕ್ಕೆ ಹರಿಯಿತು. ಕೇರಿಯ ಹೆಂಗಸರು ಒಣಗಿದ ನಾಲಿಗೆಯನ್ನು ಬಾಯೊಳಗೇ ಹೊರಳಿಸುತ್ತ ನೋಡುತ್ತ ನಿಂತರು. ನೆಲ ಗಟಗಟ ಕುಡಿಯಿತು. ನೆಲದ ಜಾತಿ ಯಾರೂ ಕೇಳಲಿಲ್ಲ.

ಡೋಣಿಯ ಗುಣ ತಿಳಿಯದವರಿಗೆ ಈ ಸಂಕಟ ತಿಳಿಯುವುದಿಲ್ಲ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂದು ಹಿರಿಯರು ಹಾಡಿ ಹೊಗಳಿದ ಹೊಳೆ ಅದು. ಶಿವನು ಅದರ ದಂಡೆಗೆ ಬಂಗಾರದಂಥ ನೆಲ ಕೊಟ್ಟ, ಒಡಲಿಗೆ ಮಾತ್ರ ಉಪ್ಪು ಹಾಕಿದ. ಸಾರವಾಡ ದಾಟಿ ಕೆಳಗಿಳಿದರೆ ಸಿಗುವ ಈ ಊರು ಹೊಳೆಯ ಈಚೆ, ಗೌಡರ ತೋಟ ಮತ್ತು ಸಿಹಿನೀರಿನ ಬಾವಿ ಆಚೆ. ಮಳೆಗಾಲದಲ್ಲಿ ಎರೆ ಹಸಿಯಾದರೆ ಗಾಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಗೌಡರ ಅಪ್ಪನ ಕಾಲಕ್ಕೆ ಹೊಳೆಗೆ ಅಡ್ಡ ಗುಂಡುಗಲ್ಲು ಹೇರಿಸಿದ್ದರು. ಒಂದೇ ಮಳೆಗಾಲಕ್ಕೆ ಡೋಣಿ ಅವನ್ನು ಉರುಳಿಸಿಕೊಂಡು ಹೋಯಿತು. ಆಮೇಲೆ ಸರಕಾರದವರು ಹಾಸುಗಲ್ಲು ಹಾಸಿದರು, ಅದೂ ಹೋಯಿತು. ಎರಡು ಸಲವೂ ಕಲ್ಲು ಹೊತ್ತದ್ದು ಕೇರಿ. ಈಗ ಮೂರನೆಯದು, ಕಮಾನು ಕಟ್ಟಿದ ಗಟ್ಟಿ ಸೇತುವೆ, ಊರವರ ಬಾಯಲ್ಲಿ ಪೂಲು. ಗುತ್ತಿಗೆ ಗೌಡರದೇ. ಯುದ್ಧದ ಕಾಲ, ಸಿಮೆಂಟೆಲ್ಲ ದಂಡಿಗೆ ಹೋಗಿತ್ತು. ಹಾಗಾಗಿ ಸುಣ್ಣ ಅರೆದು ಗಚ್ಚು ಮಾಡಿ ಕಟ್ಟಬೇಕು. ಗಚ್ಚಿಗೆ ಡೋಣಿಯ ನೀರು ನಡೆಯದು. ಸವಳು ಬಿದ್ದರೆ ಗಚ್ಚು ಉಪ್ಪು ಉಗುಳುತ್ತದೆ, ಆಮೇಲೆ ಹಿಟ್ಟಾಗಿ ಉದುರುತ್ತದೆ. ಇದು ಗಾಣಕ್ಕೆ ಸುಣ್ಣ ಸುರಿದ ಯಾವ ಹೆಂಗಸಿಗೂ ಗೊತ್ತಿದ್ದ ಮಾತು.

ಮೊದಲಾದರೆ ಸಂಜೆಗೆ ಮಲಕಾಜಪ್ಪ ಕೇರಿಯವರ ಕೊಡಗಳಿಗೆ ಮೇಲಿನಿಂದ ನೀರು ಹುಯ್ಯುತ್ತಿದ್ದ. ಪೂಲಿನ ಕೆಲಸ ಹಿಡಿದದ್ದೇ ತಡ, ಅದು ನಿಂತಿತು. ಬಾವಿಯ ನೀರೆಲ್ಲ ಸುಣ್ಣಕ್ಕೆ ಎಂದರು ಗೌಡರು. ಬಾನಿಯಿಂದ ಸರಕಾರಿ ಡಬ್ಬಿಯಲ್ಲಿ ಮೊಗೆದು ಗಾಣಕ್ಕೆ ಹುಯ್ಯಬೇಕು, ಕೈ ಸೋಕಬಾರದು. ಕೇರಿಗೆ ಹೊಳೆಯ ಒರತೆಯೇ ಗತಿ.

ಅಂದು ಊರ ಅಯ್ಯನವರು ತೋಟಕ್ಕೆ ಬಂದಿದ್ದರು. ಬೇಡುವುದಾದರೆ ಗುರುವಿನ ಹತ್ತಿರ ಬೇಡಬೇಕೆಂದು ಸಕ್ರವ್ವ ದೂರದಲ್ಲೇ ಅಡ್ಡಬಿದ್ದಳು.

“ನೀರು ಕೊಡಬಾರದಂತಲ್ಲ ಸಕ್ರವ್ವಾ,” ಎಂದರು ಅಯ್ಯನವರು ಮೆಲ್ಲಗೆ, ಹಣೆಯ ವಿಭೂತಿಯ ಬೆವರು ಒರೆಸಿಕೊಳ್ಳುತ್ತ. “ಬಾವಿಗೂ ಬಾನಿಗೂ ಕಾಲುವಿ ಐತಿ. ನೀವು ಬಾನಿ ಮುಟ್ಟಿದ್ರ ಮೈಲಿಗಿ ಕಾಲುವಿ ಹಿಡದು ಬಾವಿಗಿ ಏರತೈತಿ.”

“ನೀರು ಇಳದು ಬರೂ ಕಾಲುವ್ಯಾಗ ಮೈಲಿಗಿ ಮ್ಯಾಲ ಏರತೈತೇನ್ರಿ ಯಪ್ಪಾ? ಎಂಥಾ ಗಟ್ಟಿ ಕಾಲಿಂದದು!”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಕ್ರವ್ವ ನಿಲ್ಲಲಿಲ್ಲ. “ಮಲಕಾಜಪ್ಪ ಬಾವ್ಯಾಗ ಮುಳಗಸೂ ತೊಗಲಿನ ಮಟ್ಟಿ ಯಾರು ಹೊಲದಾರ್ರಿ? ನನ್ನ ಗಂಡ ಹೊಲದಾನ. ಸತ್ತ ಕ್ವಾಣದ ತೊಗಲು, ಅಂವನ ಹಲ್ಲಿಲೆ ಕಚ್ಚಿ ಎಳದ ದಾರ. ಅದು ದಿನಾ ಬಾವ್ಯಾಗ ಮುಳಗತೈತಿ. ನನ್ನ ಕೊಡ ಮುಳಗಿದ್ರ...”

ಮಾತು ಮುಗಿಯಲಿಲ್ಲ. ಗೌಡರ ಕೈಯ ಬಾರಕೋಲು ಬೆನ್ನಿಗೆ ಬಿತ್ತು. ಇನ್ನೊಮ್ಮೆ ಬಿತ್ತು.

“ಬಾಯಿ ಬಂದೈತಿ ಬೋಸುಡಿಗೆ! ಗಂಡ ಸತ್ತ ಮ್ಯಾಲ ನಾಲಿಗಿ ಉದ್ದಾಗೈತಿ. ಸುಣ್ಣ ತುಂಬತೇನಿ ಬಾಯಾಗ, ಹುಷಾರ್!”

ಅಯ್ಯನವರು ಆಚೆ ಮುಖ ಮಾಡಿ ರುದ್ರಾಕ್ಷಿ ಎಣಿಸುತ್ತಿದ್ದರು.

ಮನೆಗೆ ಬಂದರೆ ಮಗಳು ಬೋರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ತುಟಿ ಬಿರಿದು, ನೆತ್ತಿ ಕುಸಿದು, ಕಣ್ಣು ಒಳಗೆ ಹೋಗಿದ್ದವು. ಒರತೆಯ ನೀರಲ್ಲಿ ಅರಿವೆ ಅದ್ದಿ ಬಾಯಿಗಿಟ್ಟರೆ ಮುಖ ಕಿವುಚಿ ಹೊರಳುತ್ತಿತ್ತು.

“ಕೊಟ್ರೇನಬೇ ಯವ್ವಾ?”

ಸಕ್ರವ್ವ ಬೆನ್ನು ಗೋಡೆಗೆ ತಾಗದಂತೆ ಕೂತು, ಮಾಡದೊಳಗಿನ ದುರಗವ್ವನ ಕಡೆ ಬಹಳ ಹೊತ್ತು ನೋಡಿದಳು. ಬೇಡಿಕೊಳ್ಳಲಿಲ್ಲ. ಏನೋ ಒಪ್ಪಂದ ಮಾಡಿಕೊಂಡವಳಂತೆ ಎದ್ದಳು.

ಮರುದಿನ ನಡುಹಗಲು ಗೌಡರು ಉಂಡು ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ಹೊಳೆಯಿಂದ ಉಸುಕು ಹೊತ್ತು ತರುವ ಹೆಂಗಸರು ಎತ್ತುಗಳ ಮೈ ತೊಳೆಯಲೆಂದು ಹೊಳೆಯ ನೀರನ್ನೂ ಕೊಡದಲ್ಲಿ ತರುವುದು ವಾಡಿಕೆ. ಸಕ್ರವ್ವ ತನ್ನ ಕೊಡದ ಸವಳು ನೀರನ್ನು ಗಾಣಕ್ಕೆ ಸುರಿದಳು. ಡಬ್ಬಿಯಿಂದ ಬಾನಿಯ ಸಿಹಿನೀರು ಮೊಗೆದು ಬರಿದಾದ ಕೊಡಕ್ಕೆ ತುಂಬಿದಳು. ಮೇಲೆ ಖಾಲಿ ಬುಟ್ಟಿ ಬೋರಲು ಹಾಕಿ ಹೊಳೆಯ ಕಡೆ ನಡೆದಳು. ಹಿಂದಿನವಳು ನೋಡಿದಳು. ಅವಳೂ ಹಾಗೇ ಮಾಡಿದಳು. ಅವಳ ಹಿಂದಿನವಳೂ. ಮಲಕಾಜಪ್ಪ ನೋಡಿದ, ನೋಡಿ, ಎತ್ತುಗಳಿಗೆ ಬೈಯುತ್ತ ಬಾವಿಯ ಕಡೆ ತಿರುಗಿದ.

ಆ ಸಂಜೆ ಬೋರವ್ವ ಚರಿಗೆ ಎತ್ತಿ ಕುಡಿದಳು. ಕುಡಿಯುತ್ತ ಕುಡಿಯುತ್ತ ಅತ್ತಳು. ಒದ್ದೆ ಅರಿವೆಯನ್ನು ಕೂಸಿನ ಬಾಯಿಗಿಟ್ಟಳು. ಕೂಸು ಅದನ್ನು ಕಚ್ಚಿಕೊಂಡು ಬಿಡಲೊಲ್ಲದು.

ಕೆಲವು ದಿನಗಳ ಮೇಲೆ ಗವಂಡಿ ಪೀರಸಾಬ ಕಮಾನಿನ ಮೇಲೆ ಕೂತು ಕಲ್ಲು ಕೂಡಿಸುತ್ತಿದ್ದ. ಕರಣಿಯ ತುದಿಯ ಗಚ್ಚನ್ನು ಸುಮ್ಮನೆ ನಾಲಿಗೆಗೆ ಹಚ್ಚಿದ. ಮುಖ ಬಿಗಿಯಾಯಿತು. ಗಚ್ಚಿನ ಬುಟ್ಟಿ ಹೊತ್ತು ನಿಂತಿದ್ದ ಸಕ್ರವ್ವನನ್ನು ನೋಡಿದ.

“ಸಕ್ರವ್ವಾ, ಇದಕ್ಕ ಡೋಣಿ ನೀರು ಬಿದ್ದೈತಿ.”

“ಬಿದ್ದೈತಿ.”

“ಹುಚ್ಚಿ ಅದೀಯೇನಬೇ? ಪೂಲು ಕುಂತ್ರ ನನ್ನ ಹೆಣಾ ಬೀಳತೈತಿ!”

“ನನ್ನ ಮೊಮ್ಮಗಂದು ಬಿದ್ದಿತ್ತಲ್ಲೋ ಪೀರಣ್ಣಾ. ಎದ್ದೈತಿ. ನೋಡಾಕ ಬಾ, ನಗಾಕ ಕಲ್ತೈತಿ. ಇನ್ನ ಗೌಡ್ರಿಗಿ ಹೇಳ್ತೀನಿ ಅಂದ್ರ ಹೇಳಪಾ, ಬ್ಯಾಡನ್ನಾಂಗಿಲ್ಲ.”

ಪೀರಸಾಬ ಹೊಳೆಗೆ ಉಗುಳಿದ. ಕೆಳಗೆ ಗೌಡರು ಯಾರನ್ನೋ ಬೈಯುವುದು ಕೇಳುತ್ತಿತ್ತು. ಅವನು ಕರಣಿಯನ್ನು ಕಲ್ಲಿಗೆ ಒರೆಸಿದ.

“ನಾ ನಾಲಿಗಿಗಿ ಹಚ್ಚಿಲ್ಲ,” ಎಂದ ಕೊನೆಗೆ. “ಬುಟ್ಟಿ ಇಳಸು.”

ಮುಂಗಾರು ಹಿಡಿಯುವ ಮೊದಲು ಪೂಲು ಮುಗಿಯಿತು. ಮಳೆಯಾಗಿ ಡೋಣಿಗೆ ಕರಿನೀರು ಬಂತು. ಕಮಾನುಗಳ ಕಣ್ಣು ತುಂಬಿ ಸುಳಿ ಸುತ್ತುತ್ತ ಹರಿಯತೊಡಗಿದಾಗಲೇ ಗೌಡರು ಪೂಜೆಯ ದಿನ ಹಿಡಿದರು. ಪೂಲಿನ ಬಾಯಿಗೆ ಮಾವಿನ ತೋರಣ. ವಿಜಾಪುರದಿಂದ ಸಾಹೇಬರು ಮೋಟಾರಿನಲ್ಲಿ ಬಂದರು. ಕೋಡಿಗೆ ಗೊಂಡೆ ಕಟ್ಟಿದ ಗೌಡರ ಜೋಡೆತ್ತಿನ ಗಾಡಿ ಎಲ್ಲಕ್ಕೂ ಮುಂದೆ. ಕಟ್ಟಿದವರು ದೂರ, ಹೊಳೆಯ ಕೆಸರಿನಲ್ಲಿ ನಿಂತಿದ್ದರು.

ಅಯ್ಯನವರು ಕಾಯಿ ಒಡೆದರು. ಗೌಡರು ಗಂಟಲು ಸರಿಮಾಡಿಕೊಂಡು ಕೇರಿಯವರ ಕಡೆ ತಿರುಗಿದರು. “ನೋಡ್ರಿಪಾ, ಶಾಸ್ತ್ರ ಶಾಸ್ತ್ರದಾಂಗ ನಡೀಬೇಕು. ಮೊದಲ ನನ್ನ ಗಾಡಿ, ಹಿಂದ ಸಾಹೇಬ್ರ ಮೋಟಾರು, ಆಮ್ಯಾಲ ಊರ ಮಂದಿ. ನೀವು ಪೂಲ ಮ್ಯಾಲ ಕಾಲ ಇಡಬ್ಯಾಡ್ರಿ. ನೀರು ಇಳದ ಮ್ಯಾಲ ಮದಲಿನಾಂಗ ಕೆಳಗ ಹಾಯ್ರಿ. ಮಲಕಾಜಪ್ಪಗ ಹೇಳೇನಿ, ಇವತ್ತ ಬಾನಿ ಒಡಿತಾನ. ಪೂಲ ಮುಗೀತು, ನೀರೂ ಮುಗೀತು. ಸಂಜಿಗಿ ಹುಯ್ಯೂ ರೂಢಿ ಇನ್ನ ಇಲ್ಲ.”

ಬೋರವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. ಸಕ್ರವ್ವನಿಗೆ ಬೆನ್ನಿನ ಬಾಸುಂಡೆ ಆ ಹೊತ್ತಿನಲ್ಲೇ ಎದ್ದಂತಾಯಿತು. ಕೆಸರಿನಿಂದ ಕಾಲು ಕಿತ್ತು ಮುಂದೆ ಬಂದಳು.

“ಗೌಡ್ರ, ಗಾಡಿ ಹೊಡೀರಿ. ಹೊಡಿಯೂದಕ್ಕಿಂತ ಮೊದಲ ಒಂದ ಮಾತು ಕೇಳ್ರಿ. ಬಾನಿ ನೀರು ಸುಣ್ಣಕ್ಕ ಬಿಟ್ಟಿದ್ರಿ. ನಾವು ಕುಡದೇವಿ. ನಮ್ಮ ಕೂಸುಗೋಳು ಕುಡದಾವು. ಸುಣ್ಣಕ್ಕ ಡೋಣಿ ನೀರು ಹುಯ್ದೇವಿ.”

ಪೂಜೆಗೆ ಬಡಿಯುತ್ತಿದ್ದ ಹಲಗೆಯ ಸದ್ದು ನಿಂತಿತು. ಸಾಹೇಬರು ಏನೆಂದು ಕೇಳಿದರು. ಪಕ್ಕದವನು ತಿಳಿಸಿ ಹೇಳಿದ. ಅವರು ತೋರಣದ ಕೆಳಗಿಂದ ಹಿಂದಕ್ಕೆ ಸರಿದು ಮೋಟಾರಿನ ಹತ್ತಿರ ನಿಂತರು.

“ಸುಳ್ಳ ಬೊಗಳತಾಳ್ರಿ ಸಾಹೇಬ್ರ, ಹಲ್ಕಟ್ ರಂಡೆ! ಪೀರಸಾಬಾ, ಹೇಳಲೇ!”

ಪೀರಸಾಬ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. “ನಾ ಕಲ್ಲ ಇಟ್ಟಾಂವರಿ ಗೌಡ್ರ. ಗಚ್ಚು ಅರದವರನ್ನ ಕೇಳ್ರಿ.”

ಗೌಡರ ಮುಖದ ಬಣ್ಣ ಇಳಿಯಿತು. “ಯಾವ ಕಮಾನಿಗಿ? ಎಷ್ಟಕ್ಕ? ಬೊಗಳೇ!”

“ಅದನ್ನ ನಾ ಹೇಳಾಂಗಿಲ್ಲ. ನಿಮ್ಮ ಗಾಡಿ ಹೇಳತೈತಿ.”

ಡೋಣಿ ಕಮಾನುಗಳಿಗೆ ಹಾಯ್ದು ಗುಂಯ್ ಎನ್ನುತ್ತಿತ್ತು. ಗಾಡಿಯವನು ಹಗ್ಗ ಗೌಡರ ಕೈಗೇ ಕೊಟ್ಟು ಕೆಳಗೆ ಜಿಗಿದ. “ನನಗ ಹೆಂಡ್ತಿ ಮಕ್ಳು ಅದಾವ್ರಿ,” ಎಂದ. ಗೌಡರು ಅಯ್ಯನವರನ್ನು ನೋಡಿದರು. ಅಯ್ಯನವರು ಆರತಿಯ ತಟ್ಟೆ ಹಿಡಿದು ಮಂದಿಯೊಳಗೆ ಹಿಂದೆ ಹಿಂದೆ ಸರಿಯುತ್ತಿದ್ದರು. ಗೌಡರು ಒಂದು ಕಾಲನ್ನು ಪೂಲಿನ ಮೊದಲ ಕಲ್ಲಿಗೆ ಇಟ್ಟರು. ತೆಗೆದರು.

ಸಕ್ರವ್ವ ತೋರಣವನ್ನು ಕೈಯಿಂದ ಸರಿಸಿ ಪೂಲಿನ ಮೇಲೆ ಕಾಲಿಟ್ಟಳು. ಸೊಂಟದಲ್ಲಿ ಕೊಡವಿತ್ತು. ಹಿಂದೆ ಬೋರವ್ವ, ಅವಳ ಹಿಂದೆ ಕೇರಿಯ ಹೆಂಗಸರು, ಒಬ್ಬರ ಹಿಂದೆ ಒಬ್ಬರು. ಎಷ್ಟು ಕೊಡ ಸವಳು ಎಲ್ಲಿ ಹೋಗಿದೆ ಎಂದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ನಡುವಿನ ಕಮಾನಿನ ಮೇಲೆ ಬಂದಾಗ ಅಂಗಾಲಿನ ಕೆಳಗೆ ಕಲ್ಲು ಸಣ್ಣಗೆ ನಡುಗಿತು. ನೀರಿನ ಹೊಡೆತವೋ, ಗಚ್ಚು ಬಿಡುತ್ತಿತ್ತೋ. ‘ದುರಗವ್ವಾ, ಹಿಡಕೋ’ ಎಂದಳು ಮನಸ್ಸಿನಲ್ಲಿ. ನಿಲ್ಲಲಿಲ್ಲ.

“ಹಿಡೀರಲೇ ಅವರನ್ನ! ಬಾವಿಗಿ ಹೊಂಟಾರ! ಕಾಲ ಮುರೀರಿ!” ಹಿಂದಿನಿಂದ ಗೌಡರ ಗಂಟಲು ಹರಿಯುತ್ತಿತ್ತು. ಆಳುಗಳು ಬಡಿಗೆ ಹಿಡಿದು ದಂಡೆಗೆ ಓಡಿ ಬಂದು, ನೀರನ್ನೂ ಪೂಲನ್ನೂ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಆಚೆ ದಂಡೆಯಲ್ಲಿ ಮಲಕಾಜಪ್ಪ ಬಾನಿ ಒಡೆಯಲು ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದು ನಿಂತಿದ್ದ. ಹೆಂಗಸರು ಬಾನಿಯನ್ನು ದಾಟಿ ಬಾವಿಯ ಕಡೆ ಬರುವುದನ್ನು ಕಂಡು ಸುತ್ತಿಗೆ ಕೆಳಗಿಳಿಸಿದ.

“ಯವ್ವಾ ಸಕ್ರವ್ವಾ... ಗೌಡ್ರು ಬಂದ್ರ ನಾ ಏನಂತ ಹೇಳ್ಲಿ?”

ಸಕ್ರವ್ವ ಸೀರೆಯ ಕಚ್ಚೆ ಬಿಗಿದು ಬಾವಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

“ಬರಲಿ. ಪೂಲ ಮ್ಯಾಲಿಂದನ ಬರಲಿ.”