ಸುಳ್ಳಾಡದ ದರ್ಜಿಯ ಹೆಂಡತಿ

ದರ್ಜಿ ಸುಳ್ಳು ಹೇಳುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅಂದಿನಿಂದ ಅವನ ಪಾಲಿನದನ್ನೂ ಅವನ ಹೆಂಡತಿಯೇ ಹೇಳುತ್ತಿದ್ದಳು.

ದೀಕ್ಷಾಸ್ನಾನ ಪಡೆದು ನೀರಿನಿಂದ ಮೇಲೆದ್ದವನೇ, ಇನ್ನು ತನ್ನ ಬಾಯಿಂದ ಒಂದೇ ಒಂದು ಸುಳ್ಳು ಹೊರಬೀಳುವುದಿಲ್ಲವೆಂದು ಚರ್ಚಿನ ಇಡೀ ಸಭೆಯ ಎದುರು ಮಾತು ಕೊಟ್ಟಿದ್ದ. ದರ್ಜಿಯಾದವನು ಹಾಗೆ ಮಾತು ಕೊಡುವುದೆಂದರೆ ಹುಡುಗಾಟವೇ? ಹೆಂಡತಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂದಿತ್ತು. ಇನ್ನು ಮೇಲೆ ಇವರು ಹೊಲಿಯಲಾಗುವಷ್ಟೇ ಬಟ್ಟೆ ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದಳು, ಪಾಪ.

ಅವನು ಒಂದು ರುಮಾಲನ್ನೂ ಕಡಿಮೆ ಒಪ್ಪಿಕೊಳ್ಳಲಿಲ್ಲ. ಬದಲಿಗೆ ಅಂಗಡಿಯ ನಡುವೆ ಪರದೆ ಕಟ್ಟಿದ. ಹೊಲಿಗೆ ಮೆಷಿನ್ ಪರದೆಯ ಹಿಂದೆ ಹೋಯಿತು, ಹೆಂಡತಿ ಪರದೆಯ ಮುಂದೆ ಬಂದಳು. ಗಿರಾಕಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಮಹಾಶಯ ನಾಲ್ಕು ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡು ಕೂರುತ್ತಿದ್ದ. ಯಾರಾದರೂ ಇಣುಕಿದರೂ ಮಾತಾಡುವ ಹಾಗಿಲ್ಲವಲ್ಲ!

"ಬಂದವರಿಗೆ ನಾನೇನು ಹೇಳ್ಲಿ?" ಎಂದು ಮೊದಲ ವಾರ ಅವಳು ಕೇಳಿದ್ದಳು.

"ನಿಂಗೆ ತೋಚಿದ್ದು ಹೇಳು. ಇಂಥದ್ದೇ ಹೇಳು ಅಂತ ನಾನಂದ್ರೆ ಅದು ನನ್ನ ಬಾಯಿಂದ ಬಂದ ಹಾಗಾಗುತ್ತೆ."

ಎಂಥ ಧರ್ಮಸೂಕ್ಷ್ಮ! ಅವಳಿಗೆ ತೋಚುತ್ತಾ ಹೋಯಿತು. ಕಾಲರ್ ಒಂದು ಬಾಕಿ. ಗುಂಡಿ ಕಟ್ಟಿದರೆ ಆಯ್ತು. ಅವರು ಈಗಷ್ಟೇ ಹೊರಗೆ ಹೋದರು. ಬೈಗುಳವೆಲ್ಲ ಅವಳಿಗೆ. ಅವನು ಮಾತ್ರ ಭಾನುವಾರ ಬಂತೆಂದರೆ ಎದ್ದು ನಿಂತು ನಾಲಿಗೆಯ ಶುದ್ಧಿಯ ಬಗ್ಗೆ ಸಾಕ್ಷಿ ಹೇಳುತ್ತಿದ್ದ. ಮೂರು ತಿಂಗಳಿಂದ ಪ್ಯಾಂಟಿಗಾಗಿ ಅಲೆಯುತ್ತಿದ್ದವರೂ ಹಿಂದಿನ ಬೆಂಚಿನಲ್ಲಿ ಕೂತು 'ಆಮೆನ್' ಎನ್ನುತ್ತಿದ್ದರು.

ಒಮ್ಮೆ ಒಬ್ಬ ನರ್ಸು ತನ್ನ ತಾಯಿಗೆಂದು ನೀಲಿ ಬಟ್ಟೆ ತಂದುಕೊಟ್ಟಳು. ತಾಯಿ ಹಾಸಿಗೆ ಹಿಡಿದಿದ್ದಳು. ಹೊಸ ಉಡುಪು ತೊಟ್ಟು ಒಂದು ದಿನ ಕಿಟಕಿಯ ಹತ್ತಿರ ಕೂರಬೇಕೆಂದು ಅವಳಿಗೆ ಆಸೆ. ನರ್ಸು ಐದು ಸಲ ಬಂದಳು. ಐದು ಸಲವೂ ದರ್ಜಿಯ ಹೆಂಡತಿ ತೋಳೊಂದೇ ಬಾಕಿ ಎಂದಳು. ಆರನೆಯ ಸಲ ಬಂದವಳು, "ಅಮ್ಮ ಹೋದ್ರು. ಹೊಲಿದಷ್ಟು ಕೊಡಿ, ಅದನ್ನೇ ಹೊದಿಸ್ತೀನಿ" ಎಂದಳು. ಕತ್ತರಿಯೇ ತಾಗದ ಬಟ್ಟೆಯನ್ನು ಮಡಿಕೆಸಮೇತ ಕೈಗಿಡಬೇಕಾಯಿತು. ನರ್ಸು ಅದನ್ನು ನೋಡಿದಳು, ಇವಳನ್ನು ನೋಡಿದಳು. "ನೀವು ಸಭೆಗೆ ಹೋಗೋರಲ್ವಾ?" ಎಂದಷ್ಟೇ ಕೇಳಿದಳು. ಪರದೆಯ ಹಿಂದೆ ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಓಡಿತು.

ಅಂದಿನಿಂದ ಅವಳು ಆರಾಧನೆಯಲ್ಲಿ ಹಂಚುವ ಪ್ರಭುವಿನ ಭೋಜನ ತೆಗೆದುಕೊಳ್ಳುವುದನ್ನು ಬಿಟ್ಟಳು. ರೊಟ್ಟಿಯ ತಟ್ಟೆ ಬಂದರೆ ಮುಟ್ಟದೆ ಗಂಡನಿಗೆ ದಾಟಿಸುತ್ತಿದ್ದಳು. ಅವನು ಕಣ್ಣುಮುಚ್ಚಿ ತಿನ್ನುತ್ತಿದ್ದ. ಅವಳು ಏನು ಪಾಪ ಮಾಡಿದ್ದಾಳೋ ಎಂದು ಹೆಂಗಸರು ಪಿಸುಗುಟ್ಟಿದರು. ಆ ತಟ್ಟೆಗೆ ಕೈಚಾಚಲು ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೆಂಬುದು ಯಾರಿಗೂ ಬೇಕಿರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಪಾಸ್ಟರ್ ಅಂಗಡಿಗೆ ಬಂದರು.

"ನಿಮ್ಮೆಜಮಾನ್ರನ್ನ ಸಭೆಯ ಹಿರಿಯರನ್ನಾಗಿ ಮಾಡೋಣ ಅಂತಿದೀವಮ್ಮ. ಒಂದೇ ತೊಡಕು, ನೀವು ಭೋಜನ ತಗೊಳ್ಳಲ್ಲ. ನಿಮ್ಮ ಮನಸ್ಸು ಕಲ್ಲಾಗಿದೆ, ಪ್ರಾರ್ಥನೆ ಮಾಡಿ ಅಂತ ಅವರೇ ನನ್ಹತ್ರ ಹೇಳಿದ್ರು."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಅವರು ಸುಳ್ಳು ಹೇಳಲ್ಲ ಪಾಸ್ಟರೇ, ಅದು ನಿಜ. ಅವರದ್ದೆಲ್ಲ ನಾನೇ ಹೇಳ್ತೀನಿ. ಇವತ್ತು ಬೆಳಿಗ್ಗೆಯಿಂದ ನಾಲ್ಕಾಯ್ತು. ಹೋದ ವಾರ ನಿಮಗೂ ಒಂದು ಹೇಳಿದೆ. ನಿಮ್ಮ ನಿಲುವಂಗಿ ಬಟ್ಟೆ ಇನ್ನೂ ಕಟ್ಟೇ ಬಿಚ್ಚಿಲ್ಲ. ಈ ಬಾಯಲ್ಲಿ ಆ ರೊಟ್ಟಿ ಹೇಗೆ ತಿನ್ಲಿ?"

ಪಾಸ್ಟರ್ ಅಂಗಡಿಯ ಸುತ್ತ ಕಣ್ಣಾಡಿಸಿದರು. ಆಮೇಲೆ, "ಅವರೆಲ್ಲಿ?" ಎಂದರು.

"ಹೊರಗೆ ಹೋಗಿದಾರೆ ಅನ್ನೋದು ನನ್ನ ಮಾಮೂಲಿ ಉತ್ತರ. ಈ ಪರದೆ ಹಿಂದೆ ಇದಾರೆ."

ಪಾಸ್ಟರ್ ಪರದೆ ಸರಿಸಿದರು. ದರ್ಜಿ ತುಟಿಯ ಪಿನ್ನುಗಳ ನಡುವಿನಿಂದ "ಹ್ಞೂಂ" ಎಂದ. ಅದು ನಮಸ್ಕಾರವೋ ತಪ್ಪೊಪ್ಪಿಗೆಯೋ ಅವನಿಗೇ ಗೊತ್ತು.

ಪಾಸ್ಟರ್ ಹೋದ ಮೇಲೆ ಪಿನ್ನು ಉಗಿದು ಎಗರಾಡಿದ. "ನನ್ನ ಮಾನ ಹರಾಜಿಗಿಟ್ಟೆಯಲ್ಲೇ! ನಿಜ ಹೇಳೋಕೂ ಒಂದು ರೀತಿ ಬೇಡ್ವಾ?"

"ಅಭ್ಯಾಸ ತಪ್ಪಿದೆ" ಎಂದಳು ಅವಳು.

ಮರುದಿನ ಅವಳು ನರ್ಸಿನ ಮನೆ ಹುಡುಕಿಕೊಂಡು ಹೋದಳು. ಐದು ಸಲವೂ ಸುಳ್ಳು ಹೇಳಿದೆನೆಂದು ಬಾಗಿಲಲ್ಲೇ ನಿಂತು ಹೇಳಿದಳು, ಗಂಡನ ಹೆಸರೆತ್ತಲಿಲ್ಲ. ನರ್ಸು ಕ್ಷಮಿಸಿದೆ ಎನ್ನಲಿಲ್ಲ. "ಒಳಗೆ ಬಂದು ಕೂತ್ಕೊಳ್ಳಿ" ಎಂದಳು. ಇವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಭಾನುವಾರ ರೊಟ್ಟಿಯ ತಟ್ಟೆ ಬಂದಾಗ ಅವಳು ಒಂದು ತುಂಡು ತೆಗೆದುಕೊಂಡಳು. ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ತಟ್ಟೆಯನ್ನು ಗಂಡನ ಕಡೆ ಚಾಚಿದಳು.

ದರ್ಜಿ ತಟ್ಟೆ ನೋಡಿದ. ತಲೆಯೆತ್ತಿದರೆ ಪಾಸ್ಟರ್ ಅವನನ್ನೇ ನೋಡುತ್ತಿದ್ದರು. ತಿನ್ನಲು ಧೈರ್ಯವಿಲ್ಲ, ಬಿಡಲು ನಾಚಿಕೆ. ಥಟ್ಟನೆ ಕರವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡು ಕೆಮ್ಮತೊಡಗಿದ. ಅದೇನು ಕೆಮ್ಮು! ಬೆಂಚೇ ಅಲುಗಾಡಿತು. ತಟ್ಟೆ ಮುಂದಿನ ಸಾಲಿಗೆ ದಾಟಿದ ಕೂಡಲೇ ಕೆಮ್ಮು ವಾಸಿಯಾಯಿತು.

ಆರಾಧನೆ ಮುಗಿದು ಹೊರಗೆ ಬಂದಾಗ ಪಕ್ಕದ ಬೆಂಚಿನ ಅಜ್ಜಿ ಅವಳ ಕೈ ಹಿಡಿದುಕೊಂಡಳು.

"ನಿಮ್ಮನೆಯವರಿಗೆ ಅದೇನಮ್ಮ ಅಂಥ ಕೆಮ್ಮು? ಹುಷಾರಿಲ್ವಾ?"

ಥಂಡಿಯಾಗಿದೆ ಅಜ್ಜಿ ಎಂಬ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂತು. ಗಂಡ ಪಕ್ಕದಲ್ಲೇ ನಿಂತು ಅದಕ್ಕಾಗಿ ಕಾಯುತ್ತಿದ್ದ.

"ಇಲ್ಲೇ ಇದಾರಲ್ಲ ಅಜ್ಜಿ," ಎಂದಳು ಅವಳು, "ಅವರನ್ನೇ ಕೇಳಿ."