ಕಾಯುವ ಕೋಣೆಯ ಗಂಟೆ

ಸಂಜೆ ರೈಲಿಗೆ ಹೋಗುವ ಹೆಂಗಸರು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಿರಲಿಲ್ಲ. ಹಳಿಯಾಚೆ ಮರದ ಕೆಳಗೆ ಗುಂಪಾಗಿ ನಿಂತು, ರೈಲು ಕಣ್ಣಿಗೆ ಬಿದ್ದ ಮೇಲೆ ಹಳಿ ದಾಟಿ ಓಡುತ್ತಿದ್ದರು. ಕಾಯುವ ಕೋಣೆಯ ಗೋಡೆಯ ಮೇಲೆ ಹಳೆಯ ಗಂಟೆಯೊಂದಿತ್ತು. ಯಾರೂ ಮುಟ್ಟದೆ ಅದು ಬಡಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಟೈಲರಮ್ಮನ ಮಗಳು ರಾತ್ರಿ ಪಾಳಿಯ ನರ್ಸು. ಆ ವಾರ ಹಳಿ ದಾಟುವಾಗ ಅವಳ ಚಪ್ಪಲಿ ಜಲ್ಲಿಯಲ್ಲಿ ಸಿಕ್ಕಿಕೊಂಡಿತು. ಯಾರೋ ತೋಳು ಹಿಡಿದು ಎಳೆದರು. ಅವಳು ಉಳಿದಳು, ಚಪ್ಪಲಿ ಉಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಔಷಧಿ ಅಂಗಡಿಯ ಅಕ್ಕ ಪೊರಕೆ ಹಿಡಿದೇ ಬಂದಳು. ಸ್ಟೇಷನ್ ನೋಡಿಕೊಳ್ಳುವ ಸ್ವಯಂಸೇವಕರ ಬಳಗ ಕಟ್ಟಿದವಳು ಅವಳೇ.

"ಕೋಣೆ ತೊಳೀತಿದ್ದೀವಿ. ಒಂದು ಗಳಿಗೆ ಬಾರೇ."

"ಹಾಳು ಬಿದ್ದ ಕಟ್ಟಡಕ್ಕೆ ಸಿಂಗಾರ ಬೇರೆ," ಎಂದಳು ಟೈಲರಮ್ಮ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಅಲ್ಲಿರೋರಿಗೆ ಪೊರಕೆ ಸೇವೆ ಇಷ್ಟ ಆಗ್ಬೇಕಲ್ಲ."

"ಅಲ್ಲಿರೋಳು ಸದ್ಯಕ್ಕೆ ನಿನ್ನ ಮಗಳು. ಕಿಟಕಿ ಒರೆಸ್ತಿದ್ದಾಳೆ."

ಟೈಲರಮ್ಮನ ಕಾಲು ಪೆಡಲಿನ ಮೇಲೆಯೇ ನಿಂತಿತು. ಸೂಜಿ ಬಟ್ಟೆಯಲ್ಲಿದ್ದಂತೆಯೇ ಎದ್ದು ಹೊರಟಳು.

ಕೋಣೆಯೊಳಗೆ ಬೆಳಕು ಮಬ್ಬಾಗಿತ್ತು. ಒದ್ದೆ ಸುಣ್ಣದ ವಾಸನೆ. ಅವಳು ಮಗಳ ಮಣಿಕಟ್ಟು ಹಿಡಿದು, "ನಡಿ ಮನೆಗೆ," ಎನ್ನುವಷ್ಟರಲ್ಲಿ ತಲೆಯ ಮೇಲೆ ಗಂಟೆ ಒಮ್ಮೆ ಬಡಿಯಿತು. ಸ್ವಲ್ಪ ತಡೆದು ಮತ್ತೊಮ್ಮೆ.

ಗಂಟೆಯ ಹಿಂದಿನಿಂದ ತುಕ್ಕಿನ ಪುಡಿ ಉದುರಿತು.

"ಅಮ್ಮಾ, ಕೈ ಬಿಡು," ಎಂದು ಮಗಳು ಪಿಸುಗುಟ್ಟಿದಳು. "ಅಲ್ಲೊಂದು ತಂತಿ ಇದೆ."

ತಂತಿ ಗೋಡೆಯ ತೂತಿನಿಂದ ಹೊರಹೋಗಿತ್ತು. ಮಗಳು ಅದರ ಮೇಲೆ ಬೆರಳಿಟ್ಟಳು. "ನೋಡು, ನಾಡಿ ಥರ ಮಿಡೀತಿದೆ." ಟೈಲರಮ್ಮನೂ ಮುಟ್ಟಿದಳು. ಆ ಕಡೆಯಿಂದ ಯಾರೋ ಎಳೆಯುತ್ತಿದ್ದರು.

ತಂತಿ ಗಿಡ್ಡ ಕಂಬಗಳ ರಾಟೆಗಳ ಮೇಲೆ ಹಾದು ಬಳ್ಳಿಗಳೊಳಗೆ ನುಗ್ಗಿತ್ತು. ಅವರೆಲ್ಲ ಅದನ್ನು ಹಿಡಿದೇ ನಡೆದರು. ದಾರಿಯಲ್ಲಿ ಎರಡು ಸಲ ಅದು ಅಂಗೈಯೊಳಗೆ ಜಗ್ಗಿತು. ಬೇಲಿ ದಾಟಿದರೆ ಪರಿಚಿತ ಹಿತ್ತಿಲು. ಅಲ್ಲಿ, ಅದೇ ತಂತಿಯ ಮೇಲೆ, ಟೈಲರಮ್ಮನ ಅತ್ತೆ ಒದ್ದೆ ರಗ್ಗೊಂದನ್ನು ಹರವಿ ಬಲವಾಗಿ ಕೊಡವುತ್ತಿದ್ದರು.

"ಏನ್ರೇ, ಮೆರವಣಿಗೆ?" ಎಂದರು ಅತ್ತೆ. "ನನ್ನ ಬಟ್ಟೆ ತಂತಿ ಯಾಕೆ ಹಿಡ್ಕೊಂಡಿದ್ದೀರಿ?"

ಔಷಧಿ ಅಂಗಡಿಯ ಅಕ್ಕ ನೆಲಕ್ಕೆ ಕೂತು ನಕ್ಕಳು. ಹಿರಿಯರಿಂದ ಕೇಳಿದ್ದು ಅವಳಿಗೀಗ ನೆನಪಾಯಿತು: ಹಿಂದೆ ಇಲ್ಲಿದ್ದ ರೈಲ್ವೆ ಗೇಟು ಕಾಯುವವನು ಈ ತಂತಿ ಎಳೆದು, ರೈಲು ಬಂತೆಂದು ಸ್ಟೇಷನ್ನಿಗೆ ತಿಳಿಸುತ್ತಿದ್ದನಂತೆ. ಗೇಟು ಹೋಯಿತು, ತಂತಿಯನ್ನು ಯಾರೂ ಬಿಚ್ಚಲಿಲ್ಲ.

ಅತ್ತೆ ನಗಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ಯಾವ ರೈಲನ್ನ ಕರೀತಿದ್ದೆ?" ಎಂದು ರಗ್ಗನ್ನು ಮೆಲ್ಲಗೆ ಇಳಿಸಿಕೊಂಡರು.

ಅಂದೇ ಬಟ್ಟೆಗೆ ಬೇರೆ ಹಗ್ಗ ಕಟ್ಟಿದರು.

ಮರುಸಂಜೆ ಟೈಲರಮ್ಮ ಮಗಳ ಜೊತೆ ಕಾಯುವ ಕೋಣೆಗೆ ಬಂದಳು. ಉದ್ದನೆಯ ಮರದ ಬೆಂಚು, ಕೂತು ಕೂತು ಸವೆದ ಗುಳಿಗಳು. ಹೆರಿಗೆಗೆ ಹೋದವರು, ಕೆಲಸಕ್ಕೆ ಹೋದವರು, ವಾಪಸ್ಸೇ ಬಾರದವರು ಎಲ್ಲರೂ ಇಲ್ಲಿ ಕೂತಿದ್ದವರೇ. ಅವಳು ಒಂದು ಗುಳಿಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡಳು. ಕಿಟಕಿ ಆಚೆ ಬದಿಗಿತ್ತು.

"ಸ್ವಲ್ಪ ಜರುಗಿ," ಎಂದು ಖಾಲಿ ಬೆಂಚಿಗೆ ಮೆಲ್ಲಗೆ ಹೇಳಿ ಕೂತಳು.

ಮಗಳು ಪ್ಲಾಟ್‌ಫಾರ್ಮಿನಿಂದಲೇ ರೈಲು ಹತ್ತಿದಳು. ಮರದ ಕೆಳಗಿದ್ದ ಹೆಂಗಸರು ಅದನ್ನು ನೋಡಿದರು. ಮಾರನೆಯ ದಿನ ಅವರಲ್ಲಿ ಕೆಲವರು ಬಾಗಿಲವರೆಗೆ ಬಂದರು. ಆಮೇಲೆ ಒಳಗೂ ಬಂದರು.

ಓದುತ್ತಿರುವವರೇ, ನಿಮ್ಮೂರ ಸ್ಟೇಷನ್ನಿನಲ್ಲೂ ಯಾರೂ ಕಾಲಿಡದ ಕೋಣೆಯೊಂದು ಇರಬಹುದು. ಸ್ಟೇಷನ್ ಮಾಸ್ತರರನ್ನು ಕೇಳಿ ಅದರ ಬಾಗಿಲು ತೆರೆಸಿ, ನಾಲ್ಕು ಜನ ಸೇರಿ ಗುಡಿಸಿ. ಗೊತ್ತಿಲ್ಲದ ಹಳೆಯ ವಸ್ತುವನ್ನು ಗುಜರಿಗೆ ಹಾಕುವ ಮೊದಲು ಅದರ ಕೆಲಸ ಏನಿತ್ತೆಂದು ಹಿರಿಯರನ್ನು ವಿಚಾರಿಸಿ. ಹಳಿಯನ್ನಂತೂ ದಾಟಬೇಡಿ. ಒಳಗೆ ಬನ್ನಿ, ಕೂತು ಕಾಯಿರಿ. ನಿಮಗಿಂತ ಮೊದಲು ಕಾದವರು ನಿಮಗೂ ಜಾಗ ಬಿಟ್ಟಿದ್ದಾರೆ.